ಮನೆಯೊಳಗಿನ ಹಿಂಸೆಯ ಬಗ್ಗೆ ತರಗತಿಯಲ್ಲಿ ಮಾತಾಡುವುದು ಹೇಗೆ: ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಕೌಟುಂಬಿಕ ಹಿಂಸೆಯ ಪಾಠಕ್ಕೆಂದು ತರಗತಿಯೊಳಗೆ ಕಾಲಿಡುವ ಶಿಕ್ಷಕರು ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡಿರಬೇಕು. ಎದುರಿಗೆ ಕೂತ ಮಕ್ಕಳಲ್ಲಿ ಕೆಲವರಿಗೆ ಇದು ಹೊಸ ಪಾಠವಲ್ಲ, ನಿನ್ನೆ ರಾತ್ರಿಯ ಸಂಗತಿ. ಐದು ವರ್ಷದೊಳಗಿನ ಪ್ರತಿ ನಾಲ್ಕು ಮಕ್ಕಳಲ್ಲಿ ಒಂದು, ಅಂದರೆ ಸುಮಾರು 17.6 ಕೋಟಿ ಮಕ್ಕಳು, ಸಂಗಾತಿಯಿಂದ ಹಿಂಸೆಗೊಳಗಾದ ತಾಯಿಯ ಜೊತೆ ಬದುಕುತ್ತಿದ್ದಾರೆ ಎಂದು ಯುನಿಸೆಫ್ 2017ರಲ್ಲಿ ಅಂದಾಜು ಮಾಡಿತ್ತು. ಈ ಲೆಕ್ಕದಲ್ಲಿ ಇರುವುದು ತಾಯಂದಿರು ಮಾತ್ರ. ಏಟು ತಿನ್ನುವ ಅಪ್ಪನ ಜೊತೆ ಬೆಳೆಯುತ್ತಿರುವ ಮಗು ಇದರೊಳಗೆ ಬಂದಿಲ್ಲ.

ಇಂಥ ಮಗು ಲೆಕ್ಕ ತಪ್ಪಿಸಿಕೊಳ್ಳುವುದು ಇದೇ ಮೊದಲಲ್ಲ. ಬಾಲ್ಯದ ಕಹಿ ಅನುಭವಗಳು ದೊಡ್ಡವರಾದ ಮೇಲೂ ಆರೋಗ್ಯವನ್ನು ಹೇಗೆ ಕಾಡುತ್ತವೆ ಎಂದು ತೋರಿಸಿದ, 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನದ ಪ್ರಶ್ನಾವಳಿಯಲ್ಲೂ 'ನಿಮ್ಮ ತಾಯಿ ಅಥವಾ ಮಲತಾಯಿಯ ಮೇಲೆ ಹಿಂಸೆ ನಡೆಯುತ್ತಿತ್ತೆ' ಎಂಬುದಷ್ಟೇ ಇತ್ತು. ತಂದೆಯ ಬಗ್ಗೆ ಯಾರೂ ಕೇಳಲಿಲ್ಲ.

ಹಾಗಾಗಿ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ. ಪಾಠ ಕೇಳುತ್ತಿರುವ ಯಾವ ಮಗುವಿಗೂ 'ಇದು ನಮ್ಮ ಮನೆಯ ಕಥೆಯಲ್ಲ, ಹಾಗಾಗಿ ನಾನು ಹೇಳುವಂತಿಲ್ಲ' ಎನ್ನಿಸಬಾರದು. ಹೊಡೆಯುವವರು ಅಪ್ಪನಾಗಿರಲಿ, ಅಮ್ಮನಾಗಿರಲಿ, ಅಣ್ಣನಾಗಿರಲಿ, ಏಟು ತಿನ್ನುವವರು ಅಜ್ಜನೇ ಆಗಿರಲಿ, ಆ ಮಗುವಿಗೆ ತನ್ನ ಮನೆ ಪಾಠದೊಳಗೆ ಕಾಣಿಸಬೇಕು.

ಹಂತ 1: ಮಕ್ಕಳಿಗಿಂತ ಮೊದಲು ದೊಡ್ಡವರಿಗೆ

ಹೆಚ್ಚಿನ ಶಾಲೆಗಳು ಎಡವುವುದು ಇಲ್ಲೇ. ಒಬ್ಬ ಉತ್ಸಾಹಿ ಶಿಕ್ಷಕಿ ಒಳ್ಳೆಯ ಪಾಠ ಮಾಡುತ್ತಾರೆ, ಮಗುವೊಂದು ಧೈರ್ಯ ಮಾಡಿ ಬಂದು ಹೇಳುತ್ತದೆ, ಮುಂದೇನು ಮಾಡಬೇಕೆಂದು ಶಾಲೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮಗು ಮತ್ತೆ ಬಾಯಿ ಬಿಡುವುದಿಲ್ಲ. ಇಂಥ ಪಾಠ ಮಾಡದಿದ್ದರೇ ಒಳ್ಳೆಯದಿತ್ತು.

ಪಾಠದ ದಿನಾಂಕ ಗೊತ್ತುಮಾಡುವ ಮೊದಲು ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಕೂತು ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಮಾಡಿಕೊಳ್ಳಿ. ಮಗು ಏನಾದರೂ ಹೇಳಿದರೆ ಅದನ್ನು ಶಾಲೆಯೊಳಗೆ ಯಾರಿಗೆ ತಲುಪಿಸಬೇಕು? ಆ ವ್ಯಕ್ತಿ ರಜೆಯಲ್ಲಿದ್ದರೆ ಯಾರಿಗೆ? ನಿಮ್ಮ ದೇಶದ ಕಾನೂನಿನಲ್ಲಿ ಶಿಕ್ಷಕರು ಕಡ್ಡಾಯವಾಗಿ ವರದಿ ಮಾಡಬೇಕಾದದ್ದು ಏನೇನು, ಯಾರಿಗೆ, ಎಷ್ಟು ಸಮಯದೊಳಗೆ? ಮಕ್ಕಳ ಸಹಾಯವಾಣಿ, ಮಕ್ಕಳ ರಕ್ಷಣಾ ಅಧಿಕಾರಿಗಳು, ಹತ್ತಿರದ ಆಪ್ತ ಸಮಾಲೋಚಕರ ಸಂಖ್ಯೆಗಳು ಒಂದೇ ಹಾಳೆಯಲ್ಲಿ ಇವೆಯೇ? ಆ ಸಂಖ್ಯೆಗಳಿಗೆ ಒಮ್ಮೆ ಕರೆ ಮಾಡಿ ನೋಡಿದ್ದೀರಾ? ಕೊನೆಯದನ್ನು ಹಗುರವಾಗಿ ಕಾಣಬೇಡಿ. ಗೋಡೆಗೆ ಅಂಟಿಸಿದ ಸಂಖ್ಯೆಗೆ ಕರೆ ಮಾಡಿ, ಯಾರೂ ಎತ್ತಿಕೊಳ್ಳದೆ ನಿರಾಶೆಯಾಗುವ ಸರದಿ ಮಗುವಿಗೆ ಬರಬಾರದು. ಇನ್ನೊಂದು ಪ್ರಶ್ನೆಯನ್ನೂ ಸಹಾಯ ಸಂಸ್ಥೆಗಳಿಗೆ ಕೇಳಿ: 'ತೊಂದರೆಯಲ್ಲಿರುವುದು ಗಂಡಸಾದರೆ ನೀವು ನೆರವು ಕೊಡುತ್ತೀರಾ, ಇಲ್ಲವಾದರೆ ಯಾರ ಬಳಿ ಕಳಿಸುತ್ತೀರಿ?' ಈ ಉತ್ತರ ಕೈಯಲ್ಲಿರಬೇಕು.

ಶಿಕ್ಷಕರ ಸಭೆಯಲ್ಲಿ ಇದನ್ನು ಚರ್ಚಿಸುವಾಗ ಸಹೋದ್ಯೋಗಿಗಳಲ್ಲಿಯೇ ಹಿಂಸೆ ಅನುಭವಿಸುತ್ತಿರುವವರು ಇರಬಹುದು, ಮನೆಯಲ್ಲಿ ಕೈ ಎತ್ತುವವರೂ ಇರಬಹುದು. ಯಾರನ್ನೂ ಪಾಠ ಮಾಡಲೇಬೇಕೆಂದು ಒತ್ತಾಯಿಸಬೇಡಿ. ಕಾರಣ ಹೇಳದೆಯೇ 'ಈ ವಿಷಯ ನನ್ನಿಂದ ಆಗುವುದಿಲ್ಲ' ಎನ್ನುವ ಅವಕಾಶ ಎಲ್ಲರಿಗೂ ಇರಲಿ. ಮನೆಯ ಹಿಂಸೆಯ ಬಗ್ಗೆ ಪಾಠ ಮಾಡುವ ಶಾಲೆಯಲ್ಲಿ ಬೆತ್ತ ಇರಕೂಡದು ಎಂದು ಬೇರೆ ಹೇಳಬೇಕಿಲ್ಲ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಕೈಯನ್ನೇ ಹೆಚ್ಚು ನೋಡುತ್ತಿರುತ್ತಾರೆ.

ವೇಳಾಪಟ್ಟಿಯ ವಿಷಯದಲ್ಲೂ ಒಂದು ಎಚ್ಚರಿಕೆ: ವಾರದ ಕೊನೆಯ ದಿನ, ದಿನದ ಕೊನೆಯ ಪೀರಿಯಡ್, ದೀರ್ಘ ರಜೆಯ ಹಿಂದಿನ ವಾರ, ಈ ಮೂರೂ ಬೇಡ. ಪಾಠ ಮುಗಿದ ಮೇಲೆ ಮಗುವಿಗೆ ಶಿಕ್ಷಕರ ಸುತ್ತ ಸುಳಿದಾಡಲು ಒಂದೆರಡು ಗಂಟೆಯಾದರೂ ಬೇಕು, ಮರುದಿನವೂ ಶಾಲೆ ಇರಬೇಕು. ವಾರದ ಮಧ್ಯದ ಬೆಳಗಿನ ಎರಡನೇ ಪೀರಿಯಡ್ ಅನುಕೂಲ.

ಹಂತ 2: ಪೋಷಕರಿಗೆ ತಿಳಿಸುವುದು

ಪೋಷಕರಿಗೆ ತಿಳಿಸದೆ ಈ ಪಾಠ ಮಾಡಿದರೆ ಮಾರನೆಯ ದಿನ ಶಾಲೆಯ ಬಾಗಿಲಲ್ಲಿ ಜಗಳ ಆಗುತ್ತದೆ. ತಿಳಿಸಲೇಬೇಕು. ಆದರೆ ಆ ಪತ್ರವನ್ನು ಓದುವವರಲ್ಲಿ ಹಿಂಸೆ ಮಾಡುವವರೂ ಇರುತ್ತಾರೆ ಎಂಬುದು ಪ್ರತಿ ಸಾಲು ಬರೆಯುವಾಗಲೂ ನೆನಪಿರಬೇಕು. 'ಮನೆಯಲ್ಲಿ ನಡೆಯುವ ದೌರ್ಜನ್ಯವನ್ನು ಗುರುತಿಸಿ ಹೇಳಲು ಮಕ್ಕಳಿಗೆ ಕಲಿಸುತ್ತೇವೆ' ಎಂದು ಬರೆದಿರೋ, ಆ ದಿನ ಮಗುವಿಗೆ ಜ್ವರ ಬಂತೆಂದು ರಜೆ ಚೀಟಿ ಬರುತ್ತದೆ, ಅಥವಾ ಹಿಂದಿನ ರಾತ್ರಿಯೇ 'ಶಾಲೆಯಲ್ಲಿ ಏನಾದರೂ ಬಾಯಿಬಿಟ್ಟೆಯೋ...' ಎಂಬ ಬೆದರಿಕೆ ಸಿಗುತ್ತದೆ.

'ಆರೋಗ್ಯಕರ ಸಂಬಂಧಗಳು, ಸುರಕ್ಷತೆ, ಸಹಾಯ ಕೇಳುವುದು ಹೇಗೆ' ಎಂಬ ಇಡೀ ವರ್ಷದ ಪಾಠಸರಣಿಯ ಒಂದು ಭಾಗವಾಗಿ ಪರಿಚಯಿಸಿ. ಇದರಲ್ಲಿ ಸುಳ್ಳೇನೂ ಇಲ್ಲ. ನಿಖರವಾದ ದಿನ ಹೇಳಬೇಕಿಲ್ಲ, ಯಾವ ತಿಂಗಳು ಎಂದರೆ ಸಾಕು. ಪಾಠದ ಸಾಮಗ್ರಿ ನೋಡಬೇಕೆನ್ನುವ ಪೋಷಕರಿಗೆ ಶಾಲೆಗೇ ಬಂದು ನೋಡಲು ಹೇಳಿ.

ಈ ವಿಷಯದಲ್ಲಿ ಮನೆಗೆಲಸ ಕೊಡಲೇಬೇಡಿ. ಮಕ್ಕಳು ಬರೆದದ್ದು, ಬಿಡಿಸಿದ ಚಿತ್ರ, ತುಂಬಿದ ಹಾಳೆ ಯಾವುದೂ ಬ್ಯಾಗಿನಲ್ಲಿ ಮನೆಗೆ ಹೋಗಬಾರದು. ಸಹಾಯವಾಣಿ ಸಂಖ್ಯೆಯ ಚೀಟಿಯೂ ಹೋಗಬಾರದು. ಸಂಖ್ಯೆಯನ್ನು ಲಯ ಹಾಕಿ ಬಾಯಿಪಾಠ ಮಾಡಿಸಿ, ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ. ಯಾರ ಕಣ್ಣಿಗೂ ಬೀಳದೆ ಓದಿಕೊಳ್ಳಲು ಶಾಲೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹಂತ 3: ಯಾವ ವಯಸ್ಸಿಗೆ ಎಷ್ಟು

ಐದರಿಂದ ಏಳು ವರ್ಷದವರಿಗೆ 'ಕೌಟುಂಬಿಕ ಹಿಂಸೆ' ಎಂಬ ಪದವೇ ಬೇಡ. ಅವರಿಗೆ ಬೇಕಾದದ್ದು ಭಾವನೆಗಳಿಗೆ ಹೆಸರು, ನಂಬಬಹುದಾದ ಐದು ದೊಡ್ಡವರು (ಕೈಯ ಐದು ಬೆರಳಿಗೆ ಒಬ್ಬೊಬ್ಬರು, ಅವರಲ್ಲಿ ಒಬ್ಬರಾದರೂ ಮನೆಯ ಹೊರಗಿನವರು), ಮತ್ತು ಗುಟ್ಟಿನ ಬಗ್ಗೆ ಒಂದು ನಿಯಮ. ಹುಟ್ಟುಹಬ್ಬದ ಉಡುಗೊರೆಯಂತೆ ಕೊನೆಗೆ ಎಲ್ಲರಿಗೂ ತಿಳಿದು ಖುಷಿಯಾಗುವ ಗುಟ್ಟನ್ನು ಇಟ್ಟುಕೊಳ್ಳಬಹುದು. ಹೊಟ್ಟೆಯಲ್ಲಿ ಸಂಕಟವಾಗುವ, 'ಯಾರಿಗೂ ಹೇಳಬೇಡ' ಎಂದು ಹೆದರಿಸಿದ ಗುಟ್ಟನ್ನು ಇಟ್ಟುಕೊಳ್ಳಬೇಕಿಲ್ಲ. ಒಬ್ಬರು ಕೇಳಿಸಿಕೊಳ್ಳದಿದ್ದರೆ ಮುಂದಿನ ಬೆರಳಿನವರ ಬಳಿ ಹೋಗಬೇಕು ಎಂಬುದನ್ನು ಮಾತ್ರ ಮತ್ತೆ ಮತ್ತೆ ಅಭ್ಯಾಸ ಮಾಡಿಸಿ.

ಎಂಟರಿಂದ ಹನ್ನೊಂದು ನನ್ನ ಪ್ರಕಾರ ತುಂಬಾ ಮುಖ್ಯವಾದ ವಯಸ್ಸು. ಏನೋ ಸರಿಯಿಲ್ಲ ಎಂದು ಗೊತ್ತಾಗುವಷ್ಟು ದೊಡ್ಡವರು, ತನ್ನಿಂದಲೇ ಹೀಗಾಯಿತು ಅಂದುಕೊಳ್ಳುವಷ್ಟು ಚಿಕ್ಕವರು. ಈ ವಯಸ್ಸಿನಲ್ಲಿ ಕಲಿಸಬೇಕಾದದ್ದು ಜಗಳಕ್ಕೂ ಹಿಂಸೆಗೂ ಇರುವ ವ್ಯತ್ಯಾಸ. 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಎಂಬ ಗಾದೆಯನ್ನೇ ಹಲಗೆಯ ಮೇಲೆ ಬರೆದು ಪಾಠ ಶುರು ಮಾಡಬಹುದು. ಉಂಡು ಮಲಗಿದ ಮೇಲೂ ಮುಗಿಯದ ಜಗಳ ಯಾವುದು? ಇಬ್ಬರೂ ಧ್ವನಿ ಏರಿಸಿ, ಇಬ್ಬರೂ ತಣ್ಣಗಾಗಿ, ಯಾರೂ ಯಾರಿಗೂ ಹೆದರದಿದ್ದರೆ ಅದು ಜಗಳ. ಪ್ರತಿ ಸಲವೂ ಒಬ್ಬರೇ ಹೆದರುತ್ತಿದ್ದರೆ, ಒಬ್ಬರೇ ಕ್ಷಮೆ ಕೇಳುತ್ತಿದ್ದರೆ, ಬಾಗಿಲ ಸದ್ದಿಗೇ ಮನೆಯವರೆಲ್ಲ ಮೌನವಾಗುತ್ತಿದ್ದರೆ ಅದು ಬೇರೆ. ಮಕ್ಕಳು ಇದನ್ನು ಥಟ್ಟನೆ ಹಿಡಿಯುತ್ತಾರೆ. ಇದರ ಜೊತೆ ಸುರಕ್ಷತೆಯ ಪಾಠವೂ ಇರಲಿ: ಮಧ್ಯೆ ಹೋಗಬಾರದು, ಅಡುಗೆಮನೆಯಿಂದ ದೂರ ಇರಬೇಕು, ತಮ್ಮತಂಗಿಯರನ್ನು ಕರೆದುಕೊಂಡು ಬೇರೆ ಕೋಣೆಗೋ ಪಕ್ಕದ ಮನೆಗೋ ಹೋಗಬೇಕು, ಸಾಧ್ಯವಾದರೆ ತುರ್ತು ಸಂಖ್ಯೆಗೆ ಕರೆ ಮಾಡಿ ವಿಳಾಸ ಹೇಳಬೇಕು. ವಿಳಾಸ ಸರಿಯಾಗಿ ಹೇಳಲು ಬರದ ಮಕ್ಕಳು ಎಷ್ಟು ಜನ ಇದ್ದಾರೆಂದು ಅಭ್ಯಾಸ ಮಾಡಿಸಿದಾಗಲೇ ಗೊತ್ತಾಗುತ್ತದೆ.

ಹನ್ನೆರಡರಿಂದ ಹದಿನಾಲ್ಕು ವರ್ಷದವರಿಗೆ ಏಟಿಲ್ಲದ ಹಿಂಸೆಯನ್ನು ತೋರಿಸಿ. ಫೋನ್ ಕಸಿದು ನೋಡುವುದು, ಯಾರ ಜೊತೆ ಮಾತಾಡಿದೆ ಎಂದು ಲೆಕ್ಕ ಕೇಳುವುದು, ದುಡಿದ ಹಣವನ್ನು ಕೈಗೆ ಕೊಡದಿರುವುದು, ಗೆಳೆಯರಿಂದ ದೂರ ಮಾಡುವುದು, ಎಲ್ಲರೆದುರು ಅಣಕಿಸುವುದು. ಅಮೆರಿಕದ ಡುಲುತ್ ನಗರದಲ್ಲಿ 1984ರಲ್ಲಿ ಹಿಂಸೆಗೊಳಗಾದ ಮಹಿಳೆಯರ ಮಾತುಗಳಿಂದಲೇ ರೂಪಿಸಿದ 'ಅಧಿಕಾರ ಮತ್ತು ಹಿಡಿತದ ಚಕ್ರ' ಇದಕ್ಕೆ ಒಳ್ಳೆಯ ಆಧಾರ. ಚಕ್ರದ ನಡುವೆ ಹಿಡಿತ, ಅರಗಳ ಜಾಗದಲ್ಲಿ ಬೆದರಿಕೆ, ಹಣ, ಒಂಟಿಯಾಗಿಸುವುದು, ಮಕ್ಕಳನ್ನು ಬಳಸಿಕೊಳ್ಳುವುದು. ಆದರೆ ಮೂಲ ಚಕ್ರದಲ್ಲಿ ಹಿಂಸೆ ಮಾಡುವವನು ಗಂಡಸು ಎಂದೇ ಇದೆ. ತರಗತಿಗೆ ತರುವಾಗ 'ಅವನು', 'ಅವಳು' ತೆಗೆದು 'ಒಬ್ಬರು', 'ಇನ್ನೊಬ್ಬರು' ಎಂದು ಬರೆದುಕೊಳ್ಳಿ.

ಹದಿನೈದು ದಾಟಿದವರಿಗೆ ಕಾನೂನು, ಅಂಕಿಅಂಶ, ತಮ್ಮದೇ ಪ್ರೀತಿ ಸಂಬಂಧಗಳ ಬಗ್ಗೆ ನೇರ ಮಾತು.

ಹಂತ 4: ತರಗತಿಯ ಕಟ್ಟುಪಾಡು

ಪಾಠದ ಮೊದಲ ಐದು ನಿಮಿಷ ಇದಕ್ಕೆ. ಯಾರೂ ತಮ್ಮ ಮನೆಯ ಅಥವಾ ಇನ್ನೊಬ್ಬರ ಮನೆಯ ಕಥೆಯನ್ನು ಎಲ್ಲರ ಮುಂದೆ ಹೇಳಬೇಕಿಲ್ಲ, 'ಒಂದು ಮನೆಯಲ್ಲಿ' ಎಂದೇ ಮಾತಾಡೋಣ. ಉತ್ತರ ಹೇಳಲು ಇಷ್ಟವಿಲ್ಲದಿದ್ದರೆ 'ಮುಂದೆ' ಎಂದರೆ ಸಾಕು. ನಗುವುದು, ಹೆಸರಿಡುವುದು ಇಲ್ಲ. ಮಗುವೊಂದು ತಡೆಯಲಾಗದೆ ನಡುವೆಯೇ ಹೇಳಿಬಿಟ್ಟರೆ ಮಾತನ್ನು ಮೆಲ್ಲಗೆ ನಿಲ್ಲಿಸಿ, 'ಇದು ಮುಖ್ಯವಾದ ಮಾತು, ನಾನು ಪೂರ್ತಿ ಕೇಳಬೇಕು, ಪಾಠ ಮುಗಿದ ತಕ್ಷಣ ನಾವಿಬ್ಬರೂ ಕೂರೋಣ' ಎನ್ನಿ. ಮುಗಿದ ತಕ್ಷಣ ಕೂರಲೇಬೇಕು.

ಪ್ರಶ್ನೆಪೆಟ್ಟಿಗೆ ಇಟ್ಟರೆ ಒಂದು ಉಪಾಯ ಮಾಡಿ. ಎಲ್ಲರೂ ಚೀಟಿ ಹಾಕಲೇಬೇಕು, ಪ್ರಶ್ನೆ ಇಲ್ಲದವರು 'ಪ್ರಶ್ನೆ ಇಲ್ಲ' ಎಂದು ಬರೆಯಬೇಕು. ಆಗ ಬರೆಯುತ್ತಿರುವವರು ಯಾರೆಂದು ಪಕ್ಕದವರಿಗೆ ತಿಳಿಯುವುದಿಲ್ಲ. ಚೀಟಿಯ ಹಿಂಬದಿ ಎರಡು ಚೌಕ ಇರಲಿ: 'ನನ್ನ ಜೊತೆ ಮಾತಾಡಿ', 'ಮಾತಾಡುವುದು ಬೇಡ'. ಹೆಸರು ಬರೆಯುವುದು ಮಗುವಿನ ಇಷ್ಟ.

ಹಂತ 5: ಒಂದು ಪಾಠ, ಮೊದಲಿನಿಂದ ಕೊನೆಯವರೆಗೆ

ಇದು ಹತ್ತರಿಂದ ಹದಿಮೂರು ವರ್ಷದವರಿಗೆ, ನಲವತ್ತೈದು ನಿಮಿಷದ್ದು. ಈ ಕಥೆಯನ್ನು ನಿಧಾನವಾಗಿ ಓದಿ ಹೇಳಿ:

"ಮೇಲಿನ ಮಹಡಿಯಲ್ಲಿ ಇಬ್ಬರು ದೊಡ್ಡವರು, ಒಂಬತ್ತು ವರ್ಷದ ಚಿನ್ನು ಇದ್ದಾರೆ. ಒಬ್ಬರು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಇನ್ನೊಬ್ಬರ ಫೋನ್ ತೆಗೆದು ನೋಡುತ್ತಾರೆ. ಸಂಬಳ ಬಂದ ದಿನ ಅದನ್ನು ಪೂರ್ತಿ ತೆಗೆದುಕೊಂಡು, ಬಸ್ಸಿಗೆ ಬೇಕಾದಷ್ಟು ಮಾತ್ರ ಎಣಿಸಿ ಕೊಡುತ್ತಾರೆ. ಒಮ್ಮೆ ಒಡಹುಟ್ಟಿದವರ ಮನೆಗೆ ಹೋಗಿ ಬಂದದ್ದಕ್ಕೆ ಮೂರು ದಿನ ಮಾತು ಬಿಟ್ಟರು. ಮೊನ್ನೆ ತಟ್ಟೆ ಎಸೆದಾಗ ಅದು ಹಣೆಗೆ ತಾಗಿ ಗಾಯವಾಯಿತು. ಯಾರೋ ಕೇಳಿದ್ದಕ್ಕೆ, 'ಬಾಗಿಲು ತಾಗಿತು' ಎಂದು ಗಾಯವಾದವರು ನಕ್ಕರು. ಚಿನ್ನು ರಾತ್ರಿ ಹೊದಿಕೆಯೊಳಗೆ ಕಿವಿ ಮುಚ್ಚಿಕೊಂಡು ಮಲಗುವುದನ್ನು ಕಲಿತಿದ್ದಾಳೆ."

ಬಹುವಚನದಲ್ಲಿ ಹೇಳುವುದರಿಂದ ಇಬ್ಬರಲ್ಲಿ ಹೆಣ್ಣು ಯಾರು, ಗಂಡು ಯಾರು ಎಂಬುದು ಕಥೆಯಲ್ಲಿ ಎಲ್ಲೂ ಬರುವುದಿಲ್ಲ. ಅದನ್ನು ಮೊದಲೇ ಹೇಳಬೇಡಿ. ಮಕ್ಕಳನ್ನು ನಾಲ್ಕೈದು ಜನರ ಗುಂಪು ಮಾಡಿ ಹತ್ತು ನಿಮಿಷ ಕೊಡಿ: ಈ ಕಥೆಯಲ್ಲಿ ಏನೇನು ತಪ್ಪು ನಡೆಯಿತು? ಹಣೆಯ ಗಾಯ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಫೋನ್, ಹಣ, ಮಾತು ಬಿಟ್ಟದ್ದು ಕೆಲವರ ಪಟ್ಟಿಯಲ್ಲಿ ಇರುವುದಿಲ್ಲ. ಅಲ್ಲಿ ಸ್ವಲ್ಪ ನಿಲ್ಲಿ. ತಟ್ಟೆ ಎಸೆಯದಿದ್ದ ದಿನಗಳಲ್ಲಿ ಆ ಮನೆ ಚೆನ್ನಾಗಿತ್ತೇ ಎಂದು ಕೇಳಿ.

ಇನ್ನು ಪಾಠದ ನಡುಭಾಗ. 'ಕಣ್ಣು ಮುಚ್ಚಿ, ಕಥೆಯನ್ನು ನೆನಪಿಸಿಕೊಳ್ಳಿ. ತಟ್ಟೆ ಎಸೆದವರು ನಿಮ್ಮ ಮನಸ್ಸಿನಲ್ಲಿ ಗಂಡಸಾಗಿದ್ದರೇ, ಹೆಂಗಸಾಗಿದ್ದರೇ?' ಕೈ ಎತ್ತಿಸಬೇಡಿ, ಮನಸ್ಸಿನಲ್ಲೇ ಉತ್ತರಿಸಲಿ. ಆಮೇಲೆ ಕಥೆಯನ್ನು ಎರಡು ಸಲ ಓದಿ. ಮೊದಲ ಸಲ ಹಿಡಿತ ಇಟ್ಟುಕೊಂಡವನು ಗಂಡ, ಎರಡನೆಯ ಸಲ ಹೆಂಡತಿ. ಎರಡನೆಯ ಓದಿಗೆ ಎಲ್ಲೋ ಒಂದು ಕಡೆ ನಗು ಕೇಳಿಸಿದರೆ ಗದರಬೇಡಿ. ಆ ನಗುವೇ ನಿಮ್ಮ ಪಾಠದ ಸಾಮಗ್ರಿ. 'ಮೊದಲ ಸಲ ನಗು ಬರಲಿಲ್ಲ, ಎರಡನೆಯ ಸಲ ಬಂತು. ಯಾಕಿರಬಹುದು?' ಎಂದು ಶಾಂತವಾಗಿ ಕೇಳಿ. ಗಂಡಸು ಬಲಶಾಲಿ, ತಿರುಗಿ ಹೊಡೆಯಬಹುದಲ್ಲ, ಕಾರ್ಟೂನಿನಲ್ಲಿ ಲಟ್ಟಣಿಗೆ ಹಿಡಿದ ಹೆಂಡತಿ ಇರುತ್ತಾಳಲ್ಲ, ಇಂಥ ಉತ್ತರಗಳು ಮಕ್ಕಳ ಬಾಯಿಂದಲೇ ಬರಲಿ. ಕೊನೆಗೆ ಒಂದೇ ಪ್ರಶ್ನೆ: 'ಹೊದಿಕೆಯೊಳಗಿದ್ದ ಚಿನ್ನುವಿಗೆ ಎರಡು ಕಥೆಯಲ್ಲಿ ಏನು ವ್ಯತ್ಯಾಸ?' ಇದಕ್ಕೆ ಉತ್ತರವನ್ನು ನೀವು ಹೇಳಬೇಕಾಗಿ ಬರುವುದಿಲ್ಲ.

ಉಳಿದ ಹದಿನೈದು ನಿಮಿಷದಲ್ಲಿ ಚಿನ್ನುವಿಗೆ ಸಲಹೆ. ಯಾರಿಗೆ ಹೇಳಬಹುದು, ಯಾವ ಮಾತಿನಲ್ಲಿ ಶುರು ಮಾಡಬಹುದು? 'ಮನೆಯಲ್ಲಿ ನನಗೆ ಹೆದರಿಕೆ ಆಗ್ತಿದೆ, ಹೇಳ್ಬೇಕು' ಎಂಬ ಒಂದು ವಾಕ್ಯವನ್ನು ಎಲ್ಲರೂ ಜೋರಾಗಿ ಹೇಳಿ ಅಭ್ಯಾಸ ಮಾಡಲಿ. ಚಿನ್ನುವಿನ ಗೆಳತಿಗೆ ವಿಷಯ ತಿಳಿದರೆ ಅವಳೇನು ಮಾಡಬೇಕು ಎಂಬುದನ್ನೂ ಸೇರಿಸಿ, ಯಾಕೆಂದರೆ ಮಕ್ಕಳು ಮೊದಲು ಹೇಳಿಕೊಳ್ಳುವುದು ಮಕ್ಕಳ ಬಳಿಯೇ. ಪಾಠವನ್ನು ಹಿಂಸೆಯ ಮಾತಿನಲ್ಲಿ ಮುಗಿಸಬೇಡಿ. ಕೊನೆಯ ಮೂರು ನಿಮಿಷ ಒಂದು ಆಟವೋ ಹಾಡೋ ಇರಲಿ.

ಹಂತ 6: ಗಂಡಸರೂ ಸಂತ್ರಸ್ತರು ಎಂಬುದನ್ನು ಹೇಳುವಾಗ

ಇದಕ್ಕೆಂದೇ ಕೊನೆಯಲ್ಲಿ ಒಂದು ಪ್ರತ್ಯೇಕ ಪಾಠ ಇಟ್ಟರೆ ಅದು ಬಾಲಂಗೋಚಿಯಾಗುತ್ತದೆ. ಮೊದಲ ದಿನದಿಂದಲೇ ಉದಾಹರಣೆಗಳಲ್ಲಿ ಬೆರೆತಿರಬೇಕು. ಹೀಗೆ ಬೆರೆಸುವಾಗ ಎರಡು ಗುಂಡಿಗಳಿಗೆ ಬೀಳುವ ಅಪಾಯವಿದೆ. ಒಂದು, 'ಹೊಡೆಯುವವರೆಲ್ಲ ಗಂಡಸರು'. ಇನ್ನೊಂದು, 'ಇಬ್ಬರೂ ಸಮ ಸಮ, ಲೆಕ್ಕ ಚುಕ್ತಾ'. ದೊಡ್ಡ ಮಕ್ಕಳ ಮುಂದೆ ಅಂಕಿಗಳನ್ನೇ ಇಡಿ. ಸಂಗಾತಿಯಿದ್ದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು 27 ಶೇಕಡ ಮಂದಿ ಜೀವನದಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಹೇಳುತ್ತದೆ. 66 ದೇಶಗಳ ಮಾಹಿತಿ ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊಲೆಯಾದ ಮಹಿಳೆಯರಲ್ಲಿ 38.6 ಶೇಕಡ ಮಂದಿ ಸಂಗಾತಿಯ ಕೈಯಲ್ಲಿ ಸತ್ತಿದ್ದರು. ಗಂಡಸರಲ್ಲಿ ಆ ಪ್ರಮಾಣ 6.3 ಶೇಕಡ. ಜೀವಾಪಾಯದ ಭಾರ ಹೆಣ್ಣಿನ ಮೇಲೆ ಹೆಚ್ಚು ಎಂಬುದನ್ನು ಮುಚ್ಚಿಡಬೇಡಿ.

ಅದೇ ಉಸಿರಿನಲ್ಲಿ ಇನ್ನೊಂದು ಅಂಕಿಯನ್ನೂ ಹೇಳಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದವರು ಅಂದಾಜು 21 ಲಕ್ಷ. ಅವರಲ್ಲಿ 14 ಲಕ್ಷ ಮಹಿಳೆಯರು, 7.51 ಲಕ್ಷ ಗಂಡಸರು. ಸರಿಸುಮಾರು ಮೂವರಲ್ಲಿ ಒಬ್ಬರು. ಸಂಗಾತಿ ಮಾತ್ರವಲ್ಲದೆ ಕುಟುಂಬದ ಇತರರು ಮಾಡಿದ ದೌರ್ಜನ್ಯವೂ ಇದರಲ್ಲಿ ಸೇರಿದೆ. ಗಂಡಸಿಗೆ ಹಿಂಸೆ ಕೊಡುವವರು ಯಾವಾಗಲೂ ಹೆಂಡತಿಯೇ ಆಗಿರಬೇಕಿಲ್ಲ. ಗಂಡು ಸಂಗಾತಿ, ಮಗ, ಅಣ್ಣ, ಮಾವ ಯಾರೂ ಆಗಿರಬಹುದು.

ಗಂಡಸರು ಯಾಕೆ ಹೇಳಿಕೊಳ್ಳುವುದಿಲ್ಲ ಎಂಬ ಪ್ರಶ್ನೆಗೆ ಮಕ್ಕಳೇ ಅರ್ಧ ಉತ್ತರ ಕೊಡುತ್ತಾರೆ: ನಗುತ್ತಾರೆ, ನಂಬುವುದಿಲ್ಲ. ಉಳಿದರ್ಧ ನೀವು ಸೇರಿಸಿ. ದೂರು ಕೊಡಲು ಹೋದರೆ ತನ್ನನ್ನೇ ಹೊಡೆದವನೆಂದು ತಿಳಿಯುತ್ತಾರೆಂಬ ಭಯ, ಮಕ್ಕಳು ಕೈತಪ್ಪುತ್ತಾರೆಂಬ ಭಯ, ಆಗುತ್ತಿರುವುದು ಹಿಂಸೆ ಎಂದು ತನಗೇ ಹೊಳೆಯದಿರುವುದು. ಹಿಂಸೆಯನ್ನು ಮೈಬಲದಿಂದ ಅಳೆಯಬಾರದು ಎಂಬುದಕ್ಕೆ ಒಂದು ನಿಜ ಪ್ರಕರಣ ಸಾಕು. ಇಂಗ್ಲೆಂಡ್ 2015ರಲ್ಲಿ ಸಂಗಾತಿಯ ಮೇಲೆ ದಬ್ಬಾಳಿಕೆಯ ಹಿಡಿತ ಇಟ್ಟುಕೊಳ್ಳುವುದನ್ನೇ ಅಪರಾಧವೆಂದು ಕಾನೂನು ಮಾಡಿತು. ಆ ಕಾನೂನಿನಡಿ ಮೊದಲ ಬಾರಿಗೆ ಒಬ್ಬ ಯುವತಿಗೆ 2018ರಲ್ಲಿ ಶಿಕ್ಷೆಯಾಯಿತು, ಗಂಭೀರ ಗಾಯ ಮಾಡಿದ ಅಪರಾಧವೂ ಸೇರಿ ಒಟ್ಟು ಏಳೂವರೆ ವರ್ಷ. ಅವಳು ಸಂಗಾತಿಯನ್ನು ಮನೆಯವರಿಂದ ದೂರ ಮಾಡಿದ್ದಳು, ಊಟ ಕೊಡದೆ ಇಟ್ಟಿದ್ದಳು, ಕುದಿಯುವ ನೀರು ಸುರಿದಿದ್ದಳು. ಹದಿನೈದು ದಾಟಿದವರಿಗೆ ಇಷ್ಟು ವಿವರ ಸಾಕು, ಚಿಕ್ಕವರಿಗೆ ಇದೂ ಬೇಡ.

ಕಾನೂನಿನ ವಿಷಯದಲ್ಲಿ ಮಕ್ಕಳಿಗೆ ನಿಜ ಹೇಳಿ. ಎಲ್ಲ ದೇಶದ ಕಾನೂನೂ ಒಂದೇ ಥರ ಇಲ್ಲ. ಇಂಗ್ಲೆಂಡಿನ 2021ರ ಕಾಯ್ದೆ ಗಂಡು ಹೆಣ್ಣು ಎಂದು ನೋಡುವುದಿಲ್ಲ. ಹಿಂಸೆಯನ್ನು ಕಂಡ, ಕೇಳಿದ ಮಗುವನ್ನೂ ಸಂತ್ರಸ್ತ ಎಂದೇ ಅದು ಪರಿಗಣಿಸುತ್ತದೆ. ಭಾರತದ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಹಿಳೆಯರ ರಕ್ಷಣೆಗೆಂದೇ ಬಂದದ್ದು. ಅದರಡಿ ದೂರು ಕೊಡಲು ಗಂಡಸಿಗೆ ಅವಕಾಶವಿಲ್ಲ, ಅವನು ಹಲ್ಲೆ, ಬೆದರಿಕೆಗಳಿಗೆ ಇರುವ ಸಾಮಾನ್ಯ ಅಪರಾಧ ಕಾನೂನಿನ ಮೊರೆ ಹೋಗಬೇಕು. 'ಇದು ಸರಿಯೇ?' ಎಂಬ ಚರ್ಚೆ ಹಿರಿಯ ತರಗತಿಯಲ್ಲಿ ಚೆನ್ನಾಗಿ ನಡೆಯುತ್ತದೆ, ನಡೆಯಲಿ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆಯಾಗಿ ಪಂದ್ಯ ಕಟ್ಟುವ ಹೊತ್ತಿಗೆ ಮಾತ್ರ ಚಿನ್ನುವಿನ ಪ್ರಶ್ನೆಯನ್ನು ಮತ್ತೆ ಕೇಳಿ.

ಹುಡುಗಿಯರ ಬಗ್ಗೆ ಇನ್ನೊಂದು ಮಾತು. ಕೆನಡಾದ ಒಂಟಾರಿಯೊದಲ್ಲಿ 20 ಶಾಲೆಗಳ, 14-15 ವಯಸ್ಸಿನ 1,722 ಮಕ್ಕಳ ಮೇಲೆ ಆರೋಗ್ಯಕರ ಸಂಬಂಧಗಳ ಬಗೆಗಿನ 21 ಪಾಠಗಳ ಕಾರ್ಯಕ್ರಮವೊಂದನ್ನು ಪರೀಕ್ಷಿಸಿದರು, ಫಲಿತಾಂಶ 2009ರಲ್ಲಿ ಬಂತು. ಎರಡೂವರೆ ವರ್ಷದ ನಂತರ, ಪ್ರೀತಿ ಸಂಬಂಧದಲ್ಲಿ ಕೈ ಮಾಡಿದ ಹುಡುಗರ ಪ್ರಮಾಣ ಪಾಠ ಪಡೆಯದ ಶಾಲೆಗಳಲ್ಲಿ 7.1 ಶೇಕಡ ಇದ್ದರೆ ಪಾಠ ಪಡೆದಲ್ಲಿ 2.7 ಇತ್ತು. ಹುಡುಗಿಯರಲ್ಲಿ 12.1 ಮತ್ತು 11.9, ಅಂದರೆ ಬದಲಾವಣೆಯೇ ಇಲ್ಲ. ಹದಿಹರೆಯದ ಹುಡುಗಿ ಕೊಡುವ ಏಟು ಗಂಭೀರ ಗಾಯ ಮಾಡುವುದು ಕಡಿಮೆ ಇರಬಹುದು. ಆದರೂ 'ನಾನು ಹೊಡೆದರೆ ಅದು ತಮಾಷೆ' ಎಂಬ ನಂಬಿಕೆಯನ್ನು ನಮ್ಮ ಪಾಠಗಳು ಇನ್ನೂ ಮುಟ್ಟಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ಹಂತ 7: ಮಗು ಬಾಯಿಬಿಟ್ಟಾಗ

ಮಗು ಹೇಳುವುದು ನೇರವಾಗಿ ಇರುವುದಿಲ್ಲ. 'ಟೀಚರ್, ಚಿನ್ನು ಆಮೇಲೆ ಏನಾದ್ಳು?' ಎಂದು ಕೇಳುತ್ತದೆ. ಹಲಗೆ ಒರೆಸುವ ನೆಪದಲ್ಲಿ ಹಿಂದೆ ಉಳಿಯುತ್ತದೆ. ಅರ್ಧ ಹೇಳಿ 'ಏನಿಲ್ಲ ಬಿಡಿ' ಎನ್ನುತ್ತದೆ.

ಕೂತುಕೊಳ್ಳಿ, ಮಗುವಿನ ಎತ್ತರಕ್ಕೆ ಬನ್ನಿ, ಮುಖದಲ್ಲಿ ಗಾಬರಿ ತೋರಿಸಬೇಡಿ. ಹೇಳಬೇಕಾದ ಮಾತು ಮೂರೇ: 'ನೀನು ಹೇಳಿದ್ದು ಒಳ್ಳೇದಾಯ್ತು. ನಾನು ನಂಬ್ತೀನಿ. ಇದು ನಿನ್ನ ತಪ್ಪಲ್ಲ.' ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. 'ನಿನ್ನನ್ನ ಸುರಕ್ಷಿತವಾಗಿ ಇಡೋಕೆ ಸಹಾಯ ಮಾಡೋ ಒಬ್ಬಿಬ್ಬರಿಗೆ ನಾನು ಹೇಳ್ಬೇಕಾಗುತ್ತೆ, ತರಗತಿಯಲ್ಲಿ ಯಾರಿಗೂ ಗೊತ್ತಾಗಲ್ಲ' ಎನ್ನಿ. 'ಅಪ್ಪ ಹೊಡೆದ್ರಾ?' ಎಂದು ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ. 'ಆಮೇಲೆ ಏನಾಯ್ತು?' ಸಾಕು. ಮಾಡಿದವರು ಅಪ್ಪನೇ ಇರಬೇಕೆಂದು ನೀವು ಊಹಿಸಿದರೆ, ಅಮ್ಮನ ಬಗ್ಗೆ ಹೇಳಲು ಬಂದ ಮಗು ಅಲ್ಲೇ ನಿಂತುಬಿಡುತ್ತದೆ. ತನಿಖೆ ನಿಮ್ಮ ಕೆಲಸವಲ್ಲ, ಗಾಯದ ಫೋಟೋ ತೆಗೆಯುವುದೂ ಅಲ್ಲ.

ಹಿಂಸೆ ಮಾಡುವವರನ್ನು ಬೈಯಬೇಡಿ. ಮಗು ಅವರನ್ನು ಪ್ರೀತಿಸುತ್ತಿರಬಹುದು. 'ನಡೆದದ್ದು ತಪ್ಪು' ಎಂದರೆ ಮಗು ಮುಂದೆ ಮಾತಾಡುತ್ತದೆ, 'ನಿಮ್ಮಮ್ಮ ಎಂಥವರು' ಎಂದರೆ ಅಮ್ಮನ ಪರ ನಿಲ್ಲುತ್ತದೆ.

ಮಗು ತರಗತಿಗೆ ಮರಳಿದ ಮೇಲೆ ಅದು ಹೇಳಿದ ಪದಗಳನ್ನೇ ಬರೆದಿಡಿ, ದಿನಾಂಕ, ಸಮಯ, ನಿಮ್ಮ ಸಹಿ. ನಿಮ್ಮ ಊಹೆ ಸೇರಿಸಬೇಡಿ. ಅಂದೇ ಗೊತ್ತುಪಡಿಸಿದ ವ್ಯಕ್ತಿಗೆ ತಲುಪಿಸಿ. ಮನೆಗೆ ಕರೆ ಮಾಡಿ 'ಮಗು ಹೀಗೆ ಹೇಳ್ತಿದೆಯಲ್ಲ' ಎಂದು ಕೇಳುವುದು, ರಾಜಿ ಮಾಡಿಸಲು ಇಬ್ಬರನ್ನೂ ಕರೆಸುವುದು ಸದುದ್ದೇಶದ್ದೇ ಇರಬಹುದು, ಆದರೆ ಆ ಸಂಜೆ ಮಗುವಿಗೂ ಏಟು ತಿನ್ನುತ್ತಿರುವವರಿಗೂ ಅದು ಅಪಾಯ ತರುತ್ತದೆ. ಮಗುವಿಗೆ ಮನೆಗೆ ಹೋಗಲು ಈ ದಿನವೇ ಭಯವಿದ್ದರೆ ಶಾಲೆ ಬಿಡುವ ಗಂಟೆಯವರೆಗೆ ಕಾಯದೆ ಮಕ್ಕಳ ರಕ್ಷಣಾ ಅಧಿಕಾರಿಗಳನ್ನೋ ಪೊಲೀಸರನ್ನೋ ಸಂಪರ್ಕಿಸಿ.

ಹಂತ 8: ತತ್ತರಿಸುವಂಥ ಪ್ರಶ್ನೆಗಳು

'ಅಷ್ಟು ಹೊಡೆದರೂ ಯಾಕೆ ಬಿಟ್ಟು ಹೋಗಲ್ಲ?' ಹಣ, ಮಕ್ಕಳು, ಹೋಗಲು ಜಾಗವಿಲ್ಲದಿರುವುದು, ಮತ್ತೆ ಹಾಗೆ ಮಾಡುವುದಿಲ್ಲ ಎಂಬ ಮಾತಿನ ಮೇಲಿನ ನಂಬಿಕೆ. ಜೊತೆಗೆ, ಬಿಟ್ಟು ಹೊರಡುವ ಸಮಯವೇ ಹಲವರಿಗೆ ಹೆಚ್ಚು ಅಪಾಯದ್ದು. ಆದ್ದರಿಂದ ಅದನ್ನು ಸಹಾಯ ಪಡೆದು, ಯೋಜನೆ ಮಾಡಿ ಮಾಡಬೇಕಾಗುತ್ತದೆ. 'ಹೋಗಬೇಕಿತ್ತು' ಎಂದು ನಾವು ಹೇಳಿದರೆ ತಪ್ಪು ಏಟು ತಿಂದವರ ಮೇಲೆ ಹೋಗುತ್ತದೆ.

'ಅಮ್ಮ ಹೊಡೆಯುವಾಗ ಅಪ್ಪ ಸುಮ್ಮನೆ ನಿಲ್ತಾರಲ್ಲ, ಅವರು ಹೇಡಿಯಾ?' ಇಲ್ಲ. ತಿರುಗಿ ಹೊಡೆಯದಿರುವುದು ಹೇಡಿತನವಲ್ಲ. ಸಹಾಯ ಕೇಳುವುದೂ ಅಲ್ಲ.

'ನಮ್ಮ ಮನೇಲಿ ನನಗೂ ಹೊಡೀತಾರೆ, ಅದೂ ಹಿಂಸೆನಾ?' ತಪ್ಪಿಸಿಕೊಳ್ಳುವ ಆಸೆಯಾಗುವ ಪ್ರಶ್ನೆ ಇದು. ಯಾವುದೇ ರೀತಿಯ ದೈಹಿಕ, ಮಾನಸಿಕ ಹಿಂಸೆಯಿಂದ ಮಗುವನ್ನು ರಕ್ಷಿಸಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ ಹೇಳುತ್ತದೆ. 1979ರಲ್ಲೇ ಸ್ವೀಡನ್ ಮನೆಯಲ್ಲೂ ಮಕ್ಕಳನ್ನು ಹೊಡೆಯುವಂತಿಲ್ಲ ಎಂದು ಕಾನೂನು ಮಾಡಿತ್ತು. 'ಯಾರೂ ನಿನ್ನನ್ನ ಹೊಡೀಬಾರ್ದು. ಅದರ ಬಗ್ಗೆ ನಾವಿಬ್ಬರೇ ಮಾತಾಡೋಣ್ವಾ?' ಎನ್ನಿ, ಹಂತ 7ಕ್ಕೆ ಹೋಗಿ.

'ಹೊಡೆಯೋರ ಮಕ್ಕಳು ದೊಡ್ಡವರಾದ ಮೇಲೆ ಅವರೂ ಹಾಗೇ ಆಗ್ತಾರಂತೆ?' ಈ ಮಾತನ್ನು ತಜ್ಞರ ಭಾಷಣಗಳಲ್ಲೂ ಕೇಳಿ ನನಗೆ ರೇಗುತ್ತದೆ. ಹಿಂಸೆ ಕಂಡು ಬೆಳೆದವರಲ್ಲಿ ಅಪಾಯ ಸ್ವಲ್ಪ ಹೆಚ್ಚು ಎಂಬುದು ನಿಜ, ಆದರೆ ಹೆಚ್ಚಿನವರು ಹಾಗಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ತರಗತಿಯಲ್ಲಿ ಕೂತ ಆ ಮಗುವಿಗೆ ಮೊದಲರ್ಧ ಮಾತ್ರ ಕೇಳಿಸಿದರೆ ಅದು ಶಾಪದಂತೆ ತಾಗುತ್ತದೆ. ಎರಡನೆಯ ಅರ್ಧವನ್ನೇ ಮೊದಲು ಹೇಳಿ.

ಹಂತ 9: ನಂತರದ ವಾರಗಳು

ಒಂದು ದಿನದ ಸಭೆ, ಒಂದು ಭಿತ್ತಿಪತ್ರ, ಒಬ್ಬ ಅತಿಥಿಯ ಭಾಷಣದಿಂದ ನಡವಳಿಕೆ ಬದಲಾಗುವುದಿಲ್ಲ. ಒಂಟಾರಿಯೊದ ಕಾರ್ಯಕ್ರಮ 21 ಪಾಠಗಳದ್ದು. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್‌ನಿಂದ ಸಂಬಂಧಗಳ ಶಿಕ್ಷಣ ಪ್ರಾಥಮಿಕ ಶಾಲೆಯಿಂದಲೇ ಕಡ್ಡಾಯ. ಅಷ್ಟು ಸಾಧ್ಯವಿಲ್ಲದಿದ್ದರೆ ತಿಂಗಳಿಗೊಂದು ಪಾಠವನ್ನಾದರೂ ಇಡೀ ವರ್ಷ ನಡೆಸಿ, ಭಾಷಾ ಪಾಠ, ಸಮಾಜ ವಿಜ್ಞಾನ, ನಾಟಕದ ಅಭ್ಯಾಸಗಳಲ್ಲಿ ಈ ಎಳೆ ಮತ್ತೆ ಬರುವಂತೆ ಮಾಡಿ.

ಫಲಿತಾಂಶವನ್ನು 'ಪಾಠ ಇಷ್ಟವಾಯಿತೇ' ಎಂದು ಕೇಳಿ ಅಳೆಯಬೇಡಿ. ಪಾಠದ ಮೊದಲು ಮತ್ತು ಎರಡು ತಿಂಗಳ ನಂತರ, ಹೆಸರಿಲ್ಲದ ಚೀಟಿಯಲ್ಲಿ ಮೂರು ಪ್ರಶ್ನೆ ಕೇಳಿ: ಶಾಲೆಯಲ್ಲಿ ನೀನು ಯಾರಿಗೆ ಹೇಳುತ್ತೀಯ? ಸಹಾಯವಾಣಿ ಸಂಖ್ಯೆ ಎಷ್ಟು? ಗಂಡಸೊಬ್ಬರು ಏಟು ತಿಂದರೆ ಅದು ತಮಾಷೆಯೇ? ಮೊದಲ ಪ್ರಶ್ನೆಗೆ 'ಯಾರಿಗೂ ಇಲ್ಲ' ಎಂಬ ಉತ್ತರ ಕಡಿಮೆಯಾಗದಿದ್ದರೆ ಪಾಠವನ್ನಲ್ಲ, ಶಾಲೆಯ ವಾತಾವರಣವನ್ನು ನೋಡಿಕೊಳ್ಳಬೇಕು.

ಹೇಳಿಕೊಂಡ ಮಗುವಿನ ಬಗ್ಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ವರದಿ ಅಧಿಕಾರಿಗಳಿಗೆ ಹೋದ ಮೇಲೆ ಶಾಲೆ ಮರೆತುಬಿಡುವುದುಂಟು, ಮಗುವಿಗೆ ಏನಾಯಿತೆಂದು ಯಾರೂ ಹೇಳುವುದೇ ಇಲ್ಲ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 2011ರಲ್ಲಿ ಶುರುವಾದ ಏರ್ಪಾಡೊಂದರಲ್ಲಿ, ರಾತ್ರಿ ಮನೆಯೊಂದಕ್ಕೆ ಪೊಲೀಸರು ಹೋಗಬೇಕಾಗಿ ಬಂದರೆ ಮರುದಿನ ಶಾಲೆ ತೆರೆಯುವ ಮೊದಲೇ ಆ ಮಗುವಿನ ಶಾಲೆಗೆ ತಿಳಿಸುತ್ತಾರೆ. ನಿಮ್ಮಲ್ಲಿ ಅಂಥದ್ದು ಇಲ್ಲದಿದ್ದರೂ ಒಬ್ಬ ಶಿಕ್ಷಕರನ್ನು ಆ ಮಗುವಿಗೆಂದು ಗೊತ್ತುಮಾಡಿ. ಹೋಂವರ್ಕ್ ಮಾಡದೆ ಬಂದ ಬೆಳಿಗ್ಗೆ, ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋದ ಮಧ್ಯಾಹ್ನ, ಕಾರಣ ಕೇಳದೆ ಬಿಡಬೇಕು ಎಂಬುದು ಉಳಿದ ಶಿಕ್ಷಕರಿಗೂ ತಿಳಿದಿರಲಿ. ಅದಕ್ಕೆ ಮನೆಯ ವಿವರ ಹಂಚಬೇಕಿಲ್ಲ, 'ಈ ಮಗುವನ್ನು ಸ್ವಲ್ಪ ನೋಡಿಕೊಳ್ಳಿ' ಎಂದರೆ ಸಾಕು.